ಬೀದಿಗೆ ಬಂದ ಒಬ್ಬಟ್ಟು

ಕನ್ನಡದಲ್ಲಿ ‘ಬೀದಿ’ ಎಂಬ ಮಾತಿಗೆ ಒಳ್ಳೆಯ ಹೆಸರಿಲ್ಲ. ಸಂಸಾರ ಕೆಟ್ಟರೆ ‘ಬೀದಿಗೆ ಬಂತು’ ಎನ್ನುತ್ತೇವೆ. ಆಸ್ತಿ ಕಳೆದುಕೊಂಡವರು ‘ಬೀದಿಪಾಲು’ ಆಗುತ್ತಾರೆ. ಮನೆಯೊಳಗಿನ ಮಾತು ಹೊರಗೆ ಬಿದ್ದರೆ ‘ಮನೆಯ ಮಾನ ಬೀದಿಗೆ ತಂದಳು’ ಎನ್ನುತ್ತಾರೆ. ಗಮನಿಸಿ, ತಂದವರು ಯಾವಾಗಲೂ ಸ್ತ್ರೀಲಿಂಗವೇ. ಎಂಟನೆಯ ತರಗತಿಗೆ ನುಡಿಗಟ್ಟುಗಳ ಪಾಠ ಮಾಡುವಾಗಲೆಲ್ಲ ಇದು ನನ್ನ ಕಣ್ಣಿಗೆ ಬೀಳುತ್ತದೆ. ಇಷ್ಟು ಅಪಖ್ಯಾತಿ ಹೊತ್ತ ಈ ಪದದ ಪಕ್ಕಕ್ಕೆ ‘ತಿಂಡಿ’ ಎಂಬ ಎರಡೇ ಅಕ್ಷರ ತಂದಿಟ್ಟು ನೋಡಿ. ಇಡೀ ತರಗತಿ ಎದ್ದು ಕೂರುತ್ತದೆ. ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವನೂ “ಮಿಸ್, ಮಸಾಲ್ ಪೂರಿ!” ಎಂದು ಕೂಗುತ್ತಾನೆ.

ಈಗಿನ ಮಕ್ಕಳಿಗೆ ಇದು ಬರೀ ಬಾಯಿಚಪಲದ ವಿಷಯ. ನನ್ನ ವಯಸ್ಸಿನ ಹೆಂಗಸರಿಗೆ ಅಷ್ಟು ಸಲೀಸಲ್ಲ. ಬೀದಿಯಲ್ಲಿ ನಿಂತು ಒಂದು ಪೊಟ್ಟಣ ಚುರುಮುರಿ ತಿನ್ನಲು ಮೂವತ್ತು ವರ್ಷ ಕಾದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಕಾದದ್ದು ದುಡ್ಡಿಲ್ಲದೆ ಅಲ್ಲ, ಹಸಿವಿಲ್ಲದೆಯೂ ಅಲ್ಲ. “ಹೆಣ್ಮಕ್ಳು ಬೀದೀಲಿ ನಿಂತ್ಕೊಂಡು ಬಾಯಾಡಿಸ್ತಾರೇನೇ?” ಎಂಬ ಒಂದು ಪ್ರಶ್ನೆಗೆ ಉತ್ತರ ಸಿಗದೆ.

ನಾನು ಹುಟ್ಟಿ ಬೆಳೆದದ್ದು ರಾಜಾಜಿನಗರದಲ್ಲಿ. ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರು ಹೊತ್ತ ಈ ಬಡಾವಣೆ ಕಾರ್ಖಾನೆಗಳ ಜೊತೆಜೊತೆಗೇ ಬೆಳೆದದ್ದು. 1970ರ ದಶಕದಲ್ಲಿ ನಮ್ಮ ಬೀದಿಯ ಬಹುಪಾಲು ಗಂಡಸರು ಸೈರನ್ ಕೂಗಿದೊಡನೆ ಸೈಕಲ್ ಏರಿ ಹೋಗುವವರು, ಹೆಂಗಸರು ಅದೇ ಸೈರನ್‌ಗೆ ಗಡಿಯಾರ ಸರಿಮಾಡಿಕೊಂಡು ಒಲೆಯ ಮುಂದೆ ಕೂರುವವರು. ಹೊರಗಿನ ತಿಂಡಿ ಎನ್ನುವುದು ಆಗ ನಮ್ಮ ಬಳಿಗೆ ಬರಬೇಕಿತ್ತೇ ಹೊರತು ನಾವು ಅದರ ಬಳಿಗೆ ಹೋಗುವಂತಿರಲಿಲ್ಲ. ಬೊಂಬಾಯಿ ಮಿಠಾಯಿಯವನು ಬರುತ್ತಿದ್ದ. ಉದ್ದನೆಯ ಕೋಲಿಗೆ ಸುತ್ತಿದ ಗುಲಾಬಿ ಬಣ್ಣದ ಮಿಠಾಯಿಯನ್ನು ಎಳೆದೆಳೆದು ನಮ್ಮ ಮಣಿಕಟ್ಟಿಗೆ ಕೈಗಡಿಯಾರ ಕಟ್ಟುತ್ತಿದ್ದ. ಐಸ್‌ಕ್ಯಾಂಡಿಯವನು ಪೆಟ್ಟಿಗೆಯ ಮುಚ್ಚಳ ಬಡಿದು ಸದ್ದು ಮಾಡುತ್ತಿದ್ದ. ರಾತ್ರಿ ಊಟದ ಹೊತ್ತಿಗೆ ಗಂಟೆ ಅಲ್ಲಾಡಿಸುತ್ತ ಸೋನ್‌ಪಾಪಡಿಯ ಗಾಡಿ ಬರುತ್ತಿತ್ತು. ನನ್ನ ಅಣ್ಣಂದಿರು ಗಾಡಿಯ ಹಿಂದೆ ನವರಂಗ್ ಚಿತ್ರಮಂದಿರದವರೆಗೂ ಓಡುತ್ತಿದ್ದರು. ನಾವು ಹುಡುಗಿಯರು ಗೇಟಿನ ಒಳಗೆ ನಿಂತು ಕಂಬಿಯ ಸಂದಿಯಿಂದ ಕೈ ಚಾಚಬೇಕು. ಗೇಟು ದಾಟಿದರೆ ಅದು ಬೀದಿ.

ಹೋಟೆಲಿನದೂ ಅದೇ ಕತೆ. ಆ ಕಾಲದ ಉಡುಪಿ ಹೋಟೆಲುಗಳಲ್ಲಿ ‘ಫ್ಯಾಮಿಲಿ ರೂಮ್’ ಎಂಬುದೊಂದಿತ್ತು, ನಿಮಗೂ ನೆನಪಿರಬೇಕು. ಮರದ ಅಡ್ಡಗೋಡೆ, ಅದಕ್ಕೊಂದು ಮಾಸಿದ ಪರದೆ, ಒಳಗೆ ಗಾಳಿಯಿಲ್ಲದ ಒಂದು ಮೇಜು. ಹೆಂಗಸರು ಜೊತೆಗಿದ್ದರೆ ಅಲ್ಲಿಗೇ ಹೋಗಬೇಕು. ಮಸಾಲೆದೋಸೆ ತಿನ್ನುವುದನ್ನು ಯಾರೂ ನೋಡಬಾರದು ಎಂಬಂತೆ ಪರದೆ ಎಳೆಯುತ್ತಿದ್ದರು. ಅಮ್ಮ ಅಷ್ಟಕ್ಕೂ ಒಪ್ಪುತ್ತಿರಲಿಲ್ಲ. ಅಪ್ಪ ಸಂಬಳದ ದಿನ ಬಾಳೆ ಎಲೆಯಲ್ಲಿ ಕಟ್ಟಿ, ಮೇಲೆ ಪತ್ರಿಕೆಯ ಹಾಳೆ ಸುತ್ತಿ, ಬಿಳಿ ದಾರ ಹಾಕಿಸಿ ತಂದ ಖಾಲಿ ದೋಸೆಯನ್ನು ಮನೆಯಲ್ಲೇ ತಿನ್ನುತ್ತಿದ್ದಳು. ಅದೂ ನಾವೆಲ್ಲ ತಿಂದಾದ ಮೇಲೆ, ತಣ್ಣಗೆ.

ತಣ್ಣಗೆ ಎಂದೆನಲ್ಲ, ನಾನು ಹೇಳಹೊರಟದ್ದು ಈ ತಣ್ಣಗಿನ ವಿಚಾರವನ್ನೇ.

ಯುಗಾದಿಯ ಒಬ್ಬಟ್ಟನ್ನೇ ತೆಗೆದುಕೊಳ್ಳಿ. ಎಲೆಯ ಮೇಲೆ ಬಂದು ಬೀಳುವಾಗ ಅದು ಒಂದು ಅಂಗೈಯಗಲದ ಸಿಹಿ. ಅದರ ಹಿಂದೆ ಎಷ್ಟು ಕೆಲಸವಿದೆ ಎಂದು ಲೆಕ್ಕ ಹಾಕಿದವರು ಕಡಿಮೆ. ಹಿಂದಿನ ಸಂಜೆಯೇ ತೊಗರಿಬೇಳೆ ಆರಿಸಬೇಕು. ಬೇಳೆ ಹಿಸುಕಿದರೆ ನುಣ್ಣಗಾಗಬೇಕು, ಆದರೆ ಕರಗಿ ಗಂಜಿಯಾಗಬಾರದು, ಅಷ್ಟು ಬೇಯಿಸಿ ಕಟ್ಟು ಬಸಿಯಬೇಕು. ಆ ಕಟ್ಟು ಒಬ್ಬಟ್ಟಿನ ಸಾರಿಗೆ. ಬೇಳೆಗೆ ಬೆಲ್ಲ, ಕಾಯಿತುರಿ, ಏಲಕ್ಕಿ ಸೇರಿಸಿ ನೀರಿಂಗುವವರೆಗೆ ಕೈಯಾಡಿಸಿ ಒರಳಿನಲ್ಲಿ ರುಬ್ಬಬೇಕು. ನೀರು ಹನಿಸಿದರೆ ಹೂರಣ ಹಾಳು, ಆದ್ದರಿಂದ ಒಣಗಿದ ಹೂರಣವನ್ನೇ ಗುಂಡುಕಲ್ಲಿನಲ್ಲಿ ತಿರುವಬೇಕು; ರಟ್ಟೆ ಬಿದ್ದುಹೋಗುತ್ತದೆ. ಚಿರೋಟಿ ರವೆ, ಮೈದಾ, ಚಿಟಿಕೆ ಅರಿಸಿನ ಹಾಕಿ ಕಲಸಿದ ಕಣಕಕ್ಕೆ ಎಣ್ಣೆ ಸುರಿದು ಸುರಿದು ನಾದಿ, ಅದೇ ಎಣ್ಣೆಯಲ್ಲಿ ಮುಳುಗಿಸಿ ನೆನೆಯಲು ಬಿಡಬೇಕು. ಆಮೇಲೆ ಬಾಳೆ ಎಲೆಯ ಮೇಲೆ ತಟ್ಟಿ, ಹರಿಯದ ಹಾಗೆ ಕಾವಲಿಗೆ ಮಗುಚಿ, ಎರಡೂ ಕಡೆ ಹದವಾಗಿ ಬೇಯಿಸಬೇಕು. ಒಂದೊಂದೇ. ಹದಿನೈದು ಜನರ ಮನೆಗೆ ಅರವತ್ತು ಒಬ್ಬಟ್ಟು ಎಂದರೆ ಅರವತ್ತು ಸಲ ತಟ್ಟಬೇಕು, ಅರವತ್ತು ಸಲ ಮಗುಚಬೇಕು.

ಬಿಸಿ ಒಬ್ಬಟ್ಟಿನ ರುಚಿಗೆ ಕಾವಲಿಯಿಂದ ಬಾಯಿಗೆ ಎರಡು ನಿಮಿಷವಷ್ಟೇ ಆಯಸ್ಸು. ತುಪ್ಪ ಸುರಿದೊಡನೆ ಹೀರಿಕೊಳ್ಳುವ ಆ ಮೆದು, ಅಂಚಿನ ಸಣ್ಣ ಗರಿ ಎಲ್ಲ ಆ ಎರಡು ನಿಮಿಷದ ಭಾಗ್ಯ. ದೇವರ ನೈವೇದ್ಯವಾದ ಮೇಲೆ ತಾತ, ಅಪ್ಪ, ಬಂದ ಅಳಿಯಂದಿರು, ಅಣ್ಣಂದಿರು, ನಾವು, ಆಮೇಲೆ ಅತ್ತೆಯರು, ಹೀಗೆ ಪಂಕ್ತಿ ಸಾಗಿ ಕಾವಲಿಯ ಮುಂದಿದ್ದ ಅಮ್ಮ ಎಲೆಯ ಮುಂದೆ ಕೂರುವ ಹೊತ್ತಿಗೆ ಮೂರು ಗಂಟೆ. ಬೆಳಿಗ್ಗೆಯಿಂದ ಮೂಗಿಗೆ ಬಡಿದ ಹೊಗೆಗೆ, ಬೆಲ್ಲದ ಘಮಕ್ಕೆ ಅವಳಿಗೆ ಹಸಿವೇ ಸತ್ತುಹೋಗಿರುತ್ತಿತ್ತು. ಹರಿದುಹೋದ ಒಂದು ಒಬ್ಬಟ್ಟನ್ನು ಸಾರನ್ನದ ಪಕ್ಕಕ್ಕೆ ಹಾಕಿಕೊಂಡು “ನಂಗೆ ಸಿಹಿ ಸೇರಲ್ಲ ಕಣೇ” ಎನ್ನುತ್ತಿದ್ದಳು. ಬಹಳ ವರ್ಷ ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ನಿಜವೆಂದೇ ತಿಳಿದಿದ್ದರು. ಅಮ್ಮನಿಗೆ ಸಿಹಿ ಸೇರುವುದಿಲ್ಲ, ಅಪ್ಪನಿಗೆ ಬದನೆಕಾಯಿ ಸೇರುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದೆವು.

ಅಡುಗೆಯ ಮೇಲೆ ಕನ್ನಡದಲ್ಲಿ ಪದ್ಯದಲ್ಲೇ ಒಂದು ಗ್ರಂಥವಿದೆ, ಹದಿನಾರನೆಯ ಶತಮಾನದ ಆರಂಭದ ಮಂಗರಸನ ‘ಸೂಪಶಾಸ್ತ್ರ’. ಅದಕ್ಕೂ ಹಿಂದೆ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ತಿಂಡಿ ತೀರ್ಥಗಳ ವರ್ಣನೆ ಮಾಡಿದ್ದಾನೆ. ಇಬ್ಬರೂ ಗಂಡಸರೇ. ಬರೆಯುವುದಕ್ಕೆ ಕೈ ಬಿಡುವಾಗಿರಬೇಕಲ್ಲ, ಹಿಟ್ಟು ಮೆತ್ತಿದ ಕೈಯಲ್ಲಿ ಲೇಖನಿ ಹಿಡಿಯಲಾಗುವುದಿಲ್ಲ.

ನಮ್ಮಂಥವರಿಗೆ ಹೊರಗಿನ ತಿಂಡಿಯ ಮೊದಲ ಬಾಗಿಲು ತೆರೆದದ್ದು ಅಯ್ಯಂಗಾರ್ ಬೇಕರಿ. ಬೆಂಗಳೂರಿನಲ್ಲಿ ಈ ಬೇಕರಿಗಳ ಪರಂಪರೆ 1898ರಲ್ಲಿ ಚಿಕ್ಕಪೇಟೆಯ ಬಿ.ಬಿ. ಬೇಕರಿಯಿಂದ ಆರಂಭವಾಯಿತೆಂದು ಹೇಳುತ್ತಾರೆ. ಹಾಸನದ ಕಡೆಯಿಂದ ಬಂದ ಅಯ್ಯಂಗಾರರು ಮೊಟ್ಟೆಯಿಲ್ಲದೆ ರೊಟ್ಟಿ, ಕೇಕು ಮಾಡುವುದನ್ನು ರೂಢಿಸಿದ್ದರಿಂದ ಮಡಿಯ ಮನೆಗಳೂ ಮುಖ ಸಿಂಡರಿಸಲಿಲ್ಲ. ಬೆಣ್ಣೆ ಬಿಸ್ಕತ್ತು, ಖಾರಾ ಬನ್ನು, ದಿಲ್‌ಪಸಂದ್, ಮೇಲೆ ಕೆಂಪು ಜಾಮು ಬಳಿದು ಕೊಬ್ಬರಿ ಉದುರಿಸಿದ ಹನಿ ಕೇಕು. “ಕೈಗೆ ಕಾಗದದಲ್ಲಿ ಕೊಡ್ತಾರೆ, ಮನೆಗೆ ತಂದು ತಿಂದ್ರೆ ತಪ್ಪೇನಿಲ್ಲ” ಎಂದು ಅಮ್ಮ ಸಮಾಧಾನ ಮಾಡಿಕೊಂಡಳು. ಕಾಲೇಜಿನಿಂದ ಬರುವಾಗ ನಾವು ಗೆಳತಿಯರು ಖಾರಾ ಬನ್ನಿನ ಪೊಟ್ಟಣ ಹಿಡಿದು ನಾಲ್ಕು ಅಡ್ಡರಸ್ತೆ ಸುತ್ತು ಹಾಕಿ ಬರುತ್ತಿದ್ದೆವು. ಮನೆ ತಲುಪುವ ಹೊತ್ತಿಗೆ ಕಾಗದ ಮಾತ್ರ ಉಳಿದಿರುತ್ತಿತ್ತು.

ಎರಡನೆಯ ಬಾಗಿಲು ದರ್ಶಿನಿ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಕಲ್ಪನೆಯಿಂದ ‘ಕೆಫೆ ದರ್ಶಿನಿ’ ಶುರುವಾಯಿತು. ಕೂರಲು ಕುರ್ಚಿಯಿಲ್ಲ, ಕೇಳಲು ಮಾಣಿಯಿಲ್ಲ, ಚೀಟಿ ಪಡೆದು ನಿಂತೇ ತಿನ್ನುವ ಆ ಪದ್ಧತಿ ಕೆಲವೇ ವರ್ಷಗಳಲ್ಲಿ ಇಡೀ ಬೆಂಗಳೂರನ್ನು ಆವರಿಸಿತು. ಇದನ್ನು ಜಾಗದ ಉಳಿತಾಯ, ಸಮಯದ ಉಳಿತಾಯ ಎಂದೆಲ್ಲ ವಿವರಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಮಾಡಿದ ದೊಡ್ಡ ಉಪಕಾರವೇ ಬೇರೆ. ಕುರ್ಚಿಗಳ ಜೊತೆಗೆ ಅದು ಫ್ಯಾಮಿಲಿ ರೂಮಿನ ಪರದೆಯನ್ನೂ ಕಿತ್ತೊಗೆಯಿತು. ಎಲ್ಲರೂ ನಿಂತಿರುವ ಕಡೆ ಹೆಂಗಸೊಬ್ಬಳು ನಿಂತರೆ ತಿರುಗಿ ನೋಡುವವರಾರು? ಹೊಸದಾಗಿ ಕೆಲಸಕ್ಕೆ ಸೇರಿದ ದಿನಗಳಲ್ಲಿ ಶಾಲೆ ಬಿಟ್ಟ ಮೇಲೆ ನಾವು ನಾಲ್ವರು ಉಪಾಧ್ಯಾಯಿನಿಯರು ಭಾಷ್ಯಂ ವೃತ್ತದ ಕಡೆ ನಡೆದು ಎರಡು ಬೈಟೂ ಕಾಫಿ ಹೇಳಿ, ನಾಲ್ಕು ಲೋಟದ ಮುಂದೆ ಅರ್ಧ ಗಂಟೆ ನಿಂತು ಮಾತಾಡುತ್ತಿದ್ದೆವು. ಆ ಕಾಫಿಯಲ್ಲಿ ಡಿಕಾಕ್ಷನ್ ಎಷ್ಟಿತ್ತೋ ತಿಳಿಯದು, ಆದರೆ ನಾವು ಕಾಸಿದ ಹಾಲಲ್ಲ, ನಾವು ತೊಳೆಯಬೇಕಾದ ಲೋಟವಲ್ಲ. ಅಂಥ ಕಾಫಿ ಕುಡಿದವರಿಗೇ ಅದರ ರುಚಿ ಗೊತ್ತು.

ಹೆಂಗಸರಿಗೆ ಹೊರಗಿನ ತಿಂಡಿ ಏಕೆ ಅಷ್ಟು ರುಚಿ ಎಂದು ನಮ್ಮ ಯಜಮಾನರು ಒಮ್ಮೆ ಕೇಳಿದರು. “ಮನೇಲಿ ಇದಕ್ಕಿಂತ ಚೆನ್ನಾಗಿ ನೀನೇ ಮಾಡ್ತೀಯಲ್ಲ?” ಎಂದು ಪ್ರಾಮಾಣಿಕವಾಗಿಯೇ ಕೇಳಿದರು. “ಅದಕ್ಕೇ” ಎಂದೆ. ಅವರಿಗೆ ಅರ್ಥವಾಗಲು ಅವರು ನಿವೃತ್ತರಾಗಿ ಬೆಳಗಿನ ಉಪ್ಪಿಟ್ಟಿನ ಜವಾಬ್ದಾರಿ ಹೊತ್ತುಕೊಳ್ಳಬೇಕಾಯಿತು. ಈಗ ಅವರೇ ವಾರಕ್ಕೆರಡು ಸಲ “ಇವತ್ತು ಹೊರಗೆ ಇಡ್ಲಿ ತಿನ್ನೋಣ್ವಾ?” ಎನ್ನುತ್ತಾರೆ.

ಇನ್ನು ಒಬ್ಬಟ್ಟಿನ ಕತೆಗೆ ಬರುತ್ತೇನೆ. ಈಗ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಎಲ್ಲಿ ತಿರುಗಿದರೂ ಎರಡು ಮೂರು ಅಡ್ಡರಸ್ತೆಗೊಂದು ‘ಹೋಳಿಗೆ ಮನೆ’ ಕಾಣುತ್ತದೆ. ರಸ್ತೆಗೆ ಮುಖ ಮಾಡಿ ದೊಡ್ಡ ಕಾವಲಿ, ಅದರ ಹಿಂದೆ ಸಾಲಾಗಿ ನಿಂತ ಹೆಂಗಸರು. ಒಬ್ಬರು ಉಂಡೆ ಕಟ್ಟುತ್ತಾರೆ, ಒಬ್ಬರು ತಟ್ಟುತ್ತಾರೆ, ಒಬ್ಬರು ಮಗುಚುತ್ತಾರೆ. ಬೇಳೆ, ಕಾಯಿ ಇದ್ದೇ ಇವೆ. ಖರ್ಜೂರ, ಕ್ಯಾರೆಟ್, ಕೋವಾ, ಬಾದಾಮಿ, ಕಾಲಕ್ಕೆ ತಕ್ಕಂತೆ ಮಾವು, ಹಲಸು. ಹೂರಣ ಇದ್ದದ್ದೆಲ್ಲ ಒಬ್ಬಟ್ಟೇ. ಪಕ್ಕದಲ್ಲೇ ಕಾಂಡಿಮೆಂಟ್ಸ್ ಅಂಗಡಿ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ತೇಂಗೊಳಲು ಎಲ್ಲ ಕಿಲೋ ಲೆಕ್ಕದಲ್ಲಿ. ಸಂಕ್ರಾಂತಿ ಬಂದರೆ ಕೊಬ್ಬರಿ, ಬೆಲ್ಲ ಹೆಚ್ಚಿ ಬೆರೆಸಿದ ಎಳ್ಳು, ಸಕ್ಕರೆ ಅಚ್ಚಿನ ಪೊಟ್ಟಣಗಳು ಸಾಲಾಗಿ ತೂಗುತ್ತವೆ. ಡಿಸೆಂಬರ್ ಕೊನೆಯಿಂದ ಕೊಬ್ಬರಿ ಹೆಚ್ಚಿ ಹೆಚ್ಚಿ ಹೆಬ್ಬೆರಳಿನಲ್ಲಿ ಬೊಬ್ಬೆ ಎಬ್ಬಿಸಿಕೊಂಡವರು ಆ ಪೊಟ್ಟಣಗಳಿಗೆ ಒಂದು ನಮಸ್ಕಾರ ಹಾಕಬೇಕು.

ಎರಡು ವರ್ಷದ ಹಿಂದೆ ಎಂಟನೆಯ ತರಗತಿಯ ವಿವರಗಳ ಪಟ್ಟಿ ತುಂಬುತ್ತಿದ್ದೆ. ‘ತಾಯಿಯ ಉದ್ಯೋಗ’ ಎಂಬ ಕಾಲಮಿಗೆ ಬಂದಾಗ ಹುಡುಗಿಯೊಬ್ಬಳು “ಗೃಹಿಣಿ ಅಂತ ಬರ್ಕೊಳ್ಳಿ ಮಿಸ್” ಎಂದಳು. ಅವಳ ತಾಯಿಯನ್ನು ನಾನು ಬಲ್ಲೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಹೋಳಿಗೆ ಮನೆಯೊಂದರ ಕಾವಲಿಯ ಹಿಂದೆ ನಿಲ್ಲುವಾಕೆ. ಹುಡುಗಿಯ ದನಿ ಸಣ್ಣಗಾಗಿತ್ತು. ಬೆಂಚಿನವರು ಕೇಳಿಸಿಕೊಂಡಾರೆಂಬ ಅಂಜಿಕೆ. ನಾನು ಆಗ ಏನೂ ಹೇಳದೆ ಕಾಲಂ ಖಾಲಿ ಬಿಟ್ಟು, ಪೋಷಕರ ಸಭೆಯ ದಿನ ತಾಯಿಯನ್ನೇ ಕೇಳಿದೆ. ಆಕೆ ನಕ್ಕುಬಿಟ್ಟರು.

“ಗೃಹಿಣಿ ಆಗಿದ್ದಾಗ್ಲೂ ಒಬ್ಬಟ್ಟೇ ತಟ್ತಿದ್ದೆ ಮಿಸ್. ಆವಾಗ ನಮ್ಮತ್ತೆ ನಾನು ಎಷ್ಟು ತಿಂದೆ ಅಂತ ಲೆಕ್ಕ ಇಡ್ತಿದ್ರು. ಇಲ್ಲಿ ಎಷ್ಟು ತಟ್ಟಿದೆ ಅಂತ ಲೆಕ್ಕ ಇಡ್ತಾರೆ. ‘ಅಡುಗೆ ಕೆಲಸ’ ಅಂತ್ಲೇ ಬರೀರಿ. ಸಂಬಳ ಬರತ್ತೆ ಅಂತಾನೂ ಜಾಗ ಇದ್ರೆ ಬರೀರಿ.”

ಕಾಲಮಿನಲ್ಲಿ ಅಷ್ಟು ಜಾಗವಿರಲಿಲ್ಲ. ‘ಅಡುಗೆ ಕೆಲಸ, ಸಂಬಳ’ ಎಂದು ಒತ್ತೊತ್ತಾಗಿ ಬರೆದೆ. ಮಗಳು ತಲೆ ತಗ್ಗಿಸಿಯೇ ನಿಂತಿದ್ದಳು. ಆ ತಲೆ ಒಂದೇ ದಿನಕ್ಕೆ ಮೇಲೆ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ದೀಪಾವಳಿ ರಜೆ ಮುಗಿದು ಬಂದಾಗ “ಅಮ್ಮ ನೂರು ಒಬ್ಬಟ್ಟು ಒಂದೇ ಸಮ ತಟ್ತಾರೆ, ಒಂದೂ ಹರಿಯಲ್ಲ” ಎಂದು ಪಕ್ಕದವಳಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

ನನ್ನ ಅಮ್ಮನ ವಿಷಯ ಹೇಳಿಬಿಡುತ್ತೇನೆ. ಅವಳಿಗೆ ಎಪ್ಪತ್ತಾರು ವರ್ಷ ತುಂಬಿದ್ದಾಗ ಕಣ್ಣಿನ ಡಾಕ್ಟರ ಬಳಿ ತೋರಿಸಿಕೊಂಡು ಬರುತ್ತಿದ್ದೆವು. ಬಸವೇಶ್ವರನಗರದ ಹಾವನೂರು ವೃತ್ತದ ಹತ್ತಿರ ಆಟೋಗಾಗಿ ಕಾಯುತ್ತ ನಿಂತ ಕಡೆ ಒಂದು ಹೋಳಿಗೆ ಮನೆ. ಕಾವಲಿಯ ಘಮ ಮೂಗಿಗೆ ಬಡಿಯಿತು. ಎರಡು ಬೇಳೆ ಒಬ್ಬಟ್ಟು ಹೇಳಿದೆ. ಪಾರ್ಸೆಲ್ಲೇ ಎಂದು ಅವರು ಕೇಳಿದರು. ಇಲ್ಲೇ ಎಂದೆ. ಅಮ್ಮ ಅತ್ತಿತ್ತ ನೋಡಿದಳು. ಸೆರಗು ಹೊದ್ದುಕೊಂಡಳು. ಮುತ್ತುಗದ ಎಲೆಯ ಮೇಲೆ ಕಾವಲಿಯಿಂದ ನೇರವಾಗಿ ಬಂದ ಒಬ್ಬಟ್ಟಿಗೆ ಒಂದು ಚಮಚ ತುಪ್ಪ ಸುರಿದು ಕೈಗಿಟ್ಟರು. ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಬಿಸಿ ಇದ್ರೆ ಹೀಗಿರತ್ತೇನೇ ಇದು?” ಎಂದಳು.

ಐವತ್ತೈದು ಯುಗಾದಿ ಒಬ್ಬಟ್ಟು ಮಾಡಿದ ಕೈ ಅದು. “ನಂಗಿನ್ನೊಂದು ಹೇಳು” ಎಂದು ಅವಳೇ ಕೇಳಿ ತಿಂದಳು. ನಾಲ್ಕು ಜನ ಓಡಾಡುವ ಬೀದಿಯಲ್ಲಿ, ನಿಂತುಕೊಂಡು. ಅಮ್ಮ ಹೋಗಿ ಈಗ ಮೂರು ವರ್ಷವಾಯಿತು. ಅವಳಿಗೆ ಸಿಹಿ ಸೇರುತ್ತಿರಲಿಲ್ಲ ಎಂಬ ಮಾತನ್ನು ನಮ್ಮ ಮನೆಯಲ್ಲಿ ಈಗ ಯಾರೂ ಆಡುವುದಿಲ್ಲ.

ಹೀಗೆ ಗೇಟು ದಾಟಿದ ಮೇಲೆ ಪಶ್ಚಿಮ ಬೆಂಗಳೂರು ನಮ್ಮ ಪಾಲಿಗೆ ದೊಡ್ಡದೊಂದು ಎಲೆ ಹಾಸಿದ ಹಾಗೆ ಕಂಡಿತು. 2015ರ ನವೆಂಬರಿನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗೆ, 2021ರ ಆಗಸ್ಟಿನಲ್ಲಿ ಅಲ್ಲಿಂದ ಕೆಂಗೇರಿಯವರೆಗೆ ಮೆಟ್ರೋ ರೈಲು ಬಂದ ಮೇಲಂತೂ ಗೆಳತಿಯರ ಜೊತೆ ಹೊರಡುವುದು ಸುಲಭವಾಗಿದೆ. ವಿಜಯನಗರದಲ್ಲಿ ಇಳಿದು ಮಾರುತಿ ಮಂದಿರದ ಕಡೆ ಹೊರಟರೆ ಉತ್ತರ ಕರ್ನಾಟಕದ ಖಾನಾವಳಿಗಳು ಸಿಗುತ್ತವೆ. ಅಲ್ಲಿ ಜೋಳದ ರೊಟ್ಟಿ, ಶೇಂಗಾ ಹೋಳಿಗೆ. ಸಂಜೆಯಾದರೆ ಗಿರ್ಮಿಟ್ಟು, ಜೊತೆಗೊಂದು ಮಿರ್ಚಿ. ನಮ್ಮ ಚುರುಮುರಿಯೂ ಅವರ ಗಿರ್ಮಿಟ್ಟೂ ಒಂದೇ ಮಂಡಕ್ಕಿಯ ಮಕ್ಕಳು, ಬೆಳೆದ ಮನೆ ಬೇರೆ. ಚುರುಮುರಿಗೆ ಹಸಿ ಕ್ಯಾರೆಟ್ ತುರಿ, ನಿಂಬೆ ರಸ. ಗಿರ್ಮಿಟ್ಟಿಗೆ ಹುಣಿಸೆ ಹಾಕಿ ಬಾಡಿಸಿದ ಈರುಳ್ಳಿಯ ಒಗ್ಗರಣೆ. ಕೆಂಗೇರಿಯ ಕಡೆ ಹೋದರೆ ಮೈಸೂರು ರಸ್ತೆಯ ರುಚಿಗಳು ಶುರು. ಮುಂದಿನ ಬಿಡದಿಯ ತಟ್ಟೆ ಇಡ್ಲಿ, ಮೇಲೊಂದು ಬೆಣ್ಣೆ ಮುದ್ದೆ. ಅದಕ್ಕೂ ಮುಂದೆ 1917ರಲ್ಲಿ ರಾಮಚಂದ್ರ ಬುಧ್ಯ ಅವರು ರೈಲು ನಿಲ್ದಾಣದಲ್ಲಿ ಶುರುಮಾಡಿದರೆನ್ನುವ ಮದ್ದೂರು ವಡೆ.

ಇನ್ನು ಕುಡಿಯುವ ಬಾಬತ್ತು. ರಾಮನವಮಿಯಂದು ರಾಜಾಜಿನಗರದ ರಾಮಮಂದಿರದ ಸುತ್ತಮುತ್ತ ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ ಪುಕ್ಕಟೆ ಸಿಗುತ್ತದೆ. ಬೆಲ್ಲ, ನಿಂಬೆ, ಏಲಕ್ಕಿ, ಒಣಶುಂಠಿಯ ಪಾನಕ ಏಪ್ರಿಲ್ ಬಿಸಿಲಿಗೆ ನಮ್ಮ ಹಿರಿಯರು ಕೊಟ್ಟ ಔಷಧಿ. ಅದೊಂದು ದಿನ ಮಾತ್ರ ಎಂಥ ಮಡಿಯ ಹೆಂಗಸರೂ ಬೀದಿಯಲ್ಲಿ ನಿಂತೇ ಕುಡಿಯುತ್ತಿದ್ದರು. ಪ್ರಸಾದವಲ್ಲವೇ, ದೇವರ ಅಪ್ಪಣೆ ಇತ್ತು! ಉಳಿದ ದಿನಗಳಿಗೆ ಬೆಳಗಿನ ನಡಿಗೆಯವರಿಗಾಗಿ ರಾಗಿ ಅಂಬಲಿಯ ಗಾಡಿ, ಮಧ್ಯಾಹ್ನಕ್ಕೆ ಸೊಗದೆ ಬೇರಿನ ಶರಬತ್ತು, ಬೇಸಿಗೆಯಲ್ಲಿ ಕೆಂಗೇರಿಯ ಮೈಸೂರು ರಸ್ತೆಯ ಬದಿಗೆ ತಾಟಿನಿಂಗು, ಎಳನೀರು, ಮತ್ತು ಎಲ್ಲೆಲ್ಲೂ ಗೆಜ್ಜೆ ಕಟ್ಟಿದ ಗಾಣದ ಕಬ್ಬಿನ ಹಾಲು.

ಕಬ್ಬಿನ ಹಾಲು ಕುಡಿಯುವಾಗ ಮಕ್ಕಳಿಗೆ ನಾನೊಂದು ಪಾಠ ಹೇಳುತ್ತೇನೆ. ಕಬ್ಬೂ ಸಕ್ಕರೆಯೂ ನಮ್ಮ ಕಡೆಯಿಂದ ಪರ್ಷಿಯ, ಅರಬ್ ದೇಶಗಳ ಮೂಲಕ ಮೆಡಿಟರೇನಿಯನ್ ಸಮುದ್ರದ ದಡ ಸೇರಿದವು. ನಮ್ಮ ‘ಶರ್ಕರಾ’ ಅರಬ್ಬಿಯಲ್ಲಿ ‘ಸುಕ್ಕರ್’ ಆಯಿತು, ಇಟಲಿಯಲ್ಲಿ ‘ಜುಕ್ಕೆರೊ’ ಆಯಿತು. ಈಜಿಪ್ಟಿನ ಕೈರೋ ಬೀದಿಗಳಲ್ಲಿ ಇಂದಿಗೂ ಜನ ನಿಂತು ಕಬ್ಬಿನ ಹಾಲು ಕುಡಿಯುತ್ತಾರೆ. ನಾವು ಕೊಟ್ಟದ್ದಕ್ಕೆ ಅವರ ಕಡೆಯಿಂದ ಬಂದ ಬಾಗಿನವೂ ಕಡಿಮೆಯದಲ್ಲ. ‘ಹಲ್ವ’, ‘ಶರಬತ್ತು’ ಅರಬ್ಬಿ ಮಾತುಗಳು. ನಮ್ಮ ಜಿಲೇಬಿಯ ಅಕ್ಕತಂಗಿಯರು ‘ಜಲಾಬಿಯ’ ಎಂಬ ಹೆಸರಿನಲ್ಲಿ ಆ ದಡದ ಊರುಗಳಲ್ಲಿ ಇನ್ನೂ ಎಣ್ಣೆಗೆ ಇಳಿಯುತ್ತಿದ್ದಾರೆ. ಮಸಾಲ್ ಪೂರಿಯ ಮೆಣಸಿನಕಾಯಿ, ಆಲೂಗಡ್ಡೆ, ಚುರುಮುರಿಯ ಕಡಲೆಬೀಜ ಅಮೆರಿಕದಿಂದ ಹಡಗು ಹತ್ತಿ ಬಂದವು. ಬೀದಿಯ ತಿಂಡಿ ಹೊರಗಿನದು ಎಂದು ಮೂಗು ಮುರಿಯುವವರ ಸಾರಿನ ಒಗ್ಗರಣೆಯಲ್ಲೇ ಹೊರಗಿನ ಮೆಣಸಿನಕಾಯಿ ಚಟಪಟಗುಟ್ಟುತ್ತಿರುತ್ತದೆ.

ಹಾಗೆಂದು ಬೀದಿಯಲ್ಲಿ ಸಿಕ್ಕಿದ್ದೆಲ್ಲ ಅಮೃತವೆಂದು ನಾನು ಹೇಳಲಾರೆ. ಗಾಡಿಯ ಬಕೆಟ್ಟಿನ ನೀರಿನ ಬಣ್ಣವನ್ನು ಮೊದಲು ನೋಡಬೇಕು. ಕರಿದ ಎಣ್ಣೆ ಕಪ್ಪಾಗಿದ್ದರೆ ಮುಂದಿನ ಗಾಡಿಗೆ ಹೋಗಬೇಕು. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗಳಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಟ್ಟೆಗೆ ಹಾಕುವ ರೋಡಮಿನ್-ಬಿ ಎಂಬ ಬಣ್ಣ ಮಕ್ಕಳು ತಿನ್ನುವ ಮಿಠಾಯಿಯಲ್ಲಿ ಸಿಕ್ಕಿತ್ತು. ಕಣ್ಣು ಕುಕ್ಕುವ ಕೆಂಪು ಕಂಡಲ್ಲಿ ಮಕ್ಕಳ ಕೈ ಹಿಡಿದು ಎಳೆದುಕೊಂಡು ಹೋಗುವುದು ಇವತ್ತಿಗೂ ತಾಯಂದಿರ ಕೆಲಸವೇ.

ಇನ್ನೊಂದು ವಿಷಯವನ್ನೂ ನೋಡಬೇಕು. ತಿನ್ನುವವಳು ಬೀದಿಗೆ ಬಂದಳು, ಸರಿ. ಮಾರುವವಳು? ನಮ್ಮ ಶಾಲೆಯಿಂದ ಎರಡು ರಸ್ತೆ ಆಚೆ ಬಜ್ಜಿ ಬೋಂಡ ಮಾಡುವ ಒಬ್ಬಾಕೆ ಇದ್ದಾರೆ. ನಾವೆಲ್ಲ ಕರೆಯುವುದು ‘ಬೋಂಡ ಅಕ್ಕ’ ಎಂದೇ. ಮಧ್ಯಾಹ್ನ ಮೂರಕ್ಕೆ ಗಾಡಿ ತಳ್ಳಿಕೊಂಡು ಬಂದರೆ ರಾತ್ರಿ ಒಂಬತ್ತರವರೆಗೆ ಬಾಣಲೆಯ ಮುಂದೆ ನಿಲ್ಲುತ್ತಾರೆ. “ಆರು ಗಂಟೆ ಹೊತ್ತು ನೀರು ಕುಡಿಯಲ್ಲ ಮೇಡಂ” ಎಂದರು ಒಂದು ದಿನ. ಏಕೆಂದು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಹತ್ತಿರದಲ್ಲೆಲ್ಲೂ ಶೌಚಾಲಯವಿಲ್ಲ. ಬೀದಿ ವ್ಯಾಪಾರಿಗಳ ರಕ್ಷಣೆಗೆಂದು 2014ರಲ್ಲಿ ಕೇಂದ್ರ ಕಾನೂನು ಬಂದಿದೆ. ಪ್ರತಿ ಊರಿನ ಮಾರಾಟ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ಶೇಕಡಾ 40ಕ್ಕೆ ಕಡಿಮೆ ಇರಬಾರದು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು ಎಂದು ಅದರಲ್ಲಿದೆ. ಕೊರೋನಾದ ಮೊದಲ ಬಂದ್ ಮುಗಿಯುತ್ತಿದ್ದ 2020ರ ಜೂನಿನಲ್ಲಿ ಆರಂಭವಾದ ಸ್ವನಿಧಿ ಯೋಜನೆಯಲ್ಲಿ ಮೊದಲ ಸಲ 10,000 ರೂಪಾಯಿಯ ಸಾಲ ಕೊಟ್ಟರು. ಬೋಂಡ ಅಕ್ಕ ಅದರಲ್ಲೇ ಮತ್ತೆ ಬಾಣಲೆ ಇಟ್ಟರು. 2024ರ ಆಗಸ್ಟಿನಲ್ಲಿ ವಿಜಯನಗರದಲ್ಲಿ ನೆಲದಡಿಯ ಹವಾನಿಯಂತ್ರಿತ ಪಾಲಿಕೆ ಬಜಾರ್ ಆರಂಭವಾಯಿತು. ಇದೆಲ್ಲ ಒಳ್ಳೆಯದೇ. ಆದರೂ ಗಾಡಿ ಎತ್ತಿಸುವ ಲಾರಿ ಬರುತ್ತದೆಂಬ ಸುದ್ದಿ ಬಂದರೆ ಆಕೆ ಕುದಿಯುವ ಎಣ್ಣೆಯ ಬಾಣಲೆಯನ್ನು ಇಕ್ಕಳದಲ್ಲಿ ಹಿಡಿದು ಓಡುವುದನ್ನು ನಾನು ನೋಡಿದ್ದೇನೆ. ನಾವು ತಿನ್ನುವ ಬಜ್ಜಿಯ ಬೆಲೆಯಲ್ಲಿ ಆ ಓಟವೂ ಸೇರಿದೆ.

ಮನೆಯ ಅಡುಗೆ ಹೋಯಿತು, ಕೈರುಚಿ ಹೋಯಿತು ಎಂದು ಮರುಗುವವರನ್ನು ನಾನು ಅಲ್ಲಗಳೆಯುವುದಿಲ್ಲ. ಅಂಗಡಿಯಲ್ಲಿ ಸಿಗದ ಸಿಹಿಗಳು ಇನ್ನೂ ಇವೆ. ಅಮ್ಮ ಹೊಸ ಅಕ್ಕಿಯಲ್ಲಿ ಮಾಡುತ್ತಿದ್ದ ಹಾಲುಬಾಯಿ, ಅವಳ ಸಜ್ಜಪ್ಪದ ಮೆದು ನಾನೆಲ್ಲೂ ತಿಂದಿಲ್ಲ. ಅವಳ ಅಳತೆಯೆಲ್ಲ ‘ಒಂದು ಹಿಡಿ’, ‘ಕಣ್ಣಂದಾಜು’. ನೋಟ್‌ಬುಕ್ಕಿನಲ್ಲಿ ಗ್ರಾಮಿನ ಲೆಕ್ಕಕ್ಕೆ ತಂದು ಬರೆದಿಟ್ಟಿದ್ದೇನೆ. ಮಗಳಿಗೂ ಕೊಟ್ಟಿದ್ದೇನೆ, ಮಗನಿಗೂ ಕೊಟ್ಟಿದ್ದೇನೆ. ಆದರೆ ಕೈರುಚಿಯನ್ನು ನೆನೆದು ಕಣ್ಣೊದ್ದೆ ಮಾಡಿಕೊಳ್ಳುವವರಲ್ಲಿ ಆ ಕೈಯ ನೋವನ್ನೂ ನೆನೆಯುವವರು ಅಪರೂಪ. ಆ ರುಚಿ ಬೇಕಾದವರು ಒರಳಿನ ಮುಂದೆ ತಾವೂ ಒಂದು ಗಂಟೆ ಕೂತು ನೋಡಲಿ.

ನಮ್ಮ ಮನೆಯಲ್ಲಿ ಈಗ ಒಂದು ಹೊಸ ಕಟ್ಟಳೆ ಬಂದಿದೆ. ಹಬ್ಬದ ಊಟಕ್ಕೆ ಬೇಕಾದ ಒಬ್ಬಟ್ಟನ್ನೆಲ್ಲ ಹೋಳಿಗೆ ಮನೆಯಿಂದ ತರುತ್ತೇವೆ; ಬಾಯಿಚಪಲಕ್ಕೆ, ಮನೆ ತುಂಬ ಘಮವಿರಲೆಂದು, ಹತ್ತು ಹನ್ನೆರಡು ಮನೆಯಲ್ಲೇ ತಟ್ಟುತ್ತೇವೆ. ಮಗ ಹೂರಣ ಮಾಡುತ್ತಾನೆ, ಸೊಸೆ ಸಾರಿಗೆ ಕೂಡಿಸುತ್ತಾಳೆ, ಯಜಮಾನರು ಕಾಯಿ ತುರಿಯುತ್ತಾರೆ, ತುರಿದದ್ದಕ್ಕಿಂತ ತಿಂದದ್ದು ಹೆಚ್ಚು. ದೇವರಿಗೊಂದು ತೆಗೆದಿಟ್ಟು ನೈವೇದ್ಯವಾದ ಮೇಲೆ ಎರಡನೆಯದು ಕಾವಲಿಯ ಮುಂದೆ ನಿಂತವರಿಗೆ. ಅದು ಯಾರೇ ಆಗಲಿ. ತುಪ್ಪ ಹಾಕಿ, ಅಲ್ಲೇ, ನಿಂತುಕೊಂಡೇ, ಬಿಸಿಬಿಸಿ ತಿಂದು ಮುಗಿಸಬೇಕು. ಅದಾದ ಮೇಲೆಯೇ ಉಳಿದವರ ಎಲೆಗೆ. ಮೊದಲ ವರ್ಷ ಇದನ್ನು ಹೇಳಿದಾಗ ನಮ್ಮ ದೊಡ್ಡತ್ತೆ “ಇದ್ಯಾವ ಸೀಮೆ ಪದ್ಧತಿನಮ್ಮಾ?” ಎಂದಿದ್ದರು. ಹೋದ ಯುಗಾದಿಗೆ ತೊಂಬತ್ತರ ಹತ್ತಿರವಿರುವ ಅವರೇ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು, “ನಾನೂ ಒಂದು ತಟ್ತೀನಿ ಕೊಡೇ” ಎಂದು ಕಾವಲಿಯ ಮುಂದೆ ನಿಂತರು.